ಆಟಿಸಂ: ಲಕ್ಷಣಗಳನ್ನು ಗುರುತಿಸುವುದು ಹೇಗೆ? ನಿರ್ಣಯ ಯಾರಿಂದ?

ಮಗುವಿನ ಬೆಳವಣಿಗೆಯನ್ನು ನಮ್ಮ ಹಿರಿಯರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಕತ್ತು ನಿಂತಿತೇ, ಬೋರಲು ಬಿದ್ದಿತೇ, ಅಂಬೆಗಾಲಿಟ್ಟಿತೇ, ಹೊಸಿಲು ದಾಟಿತೇ ಎಂಬ ಒಂದೊಂದು ಹಂತವೂ ಮನೆಯ ಸಂಭ್ರಮವಾಗಿತ್ತು. ನಮ್ಮ ಶಾಸ್ತ್ರದ ಗಮನವೂ ಅಷ್ಟೇ ಸೂಕ್ಷ್ಮವಾದುದು. ಬಾಲಚಿಕಿತ್ಸೆಗೆ ಆಧಾರವಾದ ಕಾಶ್ಯಪ ಸಂಹಿತೆಯು, ವರ್ಷ ತುಂಬಿದರೂ ಹೆಜ್ಜೆ ಹಾಕದ ಮಗುವಿನ ಸ್ಥಿತಿಯನ್ನು ‘ಫಕ್ಕ’ ಎಂದು ಹೆಸರಿಸಿ ಅದಕ್ಕೆ ಚಿಕಿತ್ಸೆಯನ್ನು ಹೇಳುತ್ತದೆ. ಮಾತು ಬಾರದ ಶಿಶುವಿನ ನೋವನ್ನು ಅದರ ಚರ್ಯೆಯಿಂದಲೇ ಅರಿಯುವ ಬಗೆಯನ್ನು ತಿಳಿಸಲು ‘ವೇದನಾಧ್ಯಾಯ’ ಎಂಬ ಒಂದು ಅಧ್ಯಾಯವೇ ಅದರಲ್ಲಿದೆ.

ನಡಿಗೆ ತಡವಾದರೆ ಇಂದಿಗೂ ನಾವು ಗಾಬರಿಯಾಗಿ ವೈದ್ಯರಲ್ಲಿಗೆ ಓಡುತ್ತೇವೆ. ಆದರೆ ಮಾತು ತಡವಾದರೆ, ಮಗು ಮುಖ ನೋಡದಿದ್ದರೆ, ‘ಗಂಡುಮಕ್ಕಳಿಗೆ ಮಾತು ತಡ’, ‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ತಡವಾಗಿ ಮಾತನಾಡುವ ಅನೇಕ ಮಕ್ಕಳು ಮುಂದೆ ಸರಿಹೋಗುವುದು ನಿಜ. ಆದರೆ ಅವರ ನಡುವೆ ಆಟಿಸಂ ಇರುವ ಮಕ್ಕಳೂ ಇರುತ್ತಾರೆ. ಮಿದುಳು ಅತ್ಯಂತ ವೇಗವಾಗಿ ಕಲಿಯುವ ಮೊದಲ ಮೂರು ವರ್ಷಗಳು ಅಂಥವರ ಪಾಲಿಗೆ ಕಾಯುವುದರಲ್ಲೇ ಕಳೆದುಹೋಗುತ್ತವೆ. ‘ಈ ಮಗುವನ್ನು ಪರೀಕ್ಷಿಸಬೇಕೇ?’ ಎಂಬ ಪ್ರಶ್ನೆಗೆ ಮನೆಯವರೇ ಉತ್ತರ ಕಂಡುಕೊಳ್ಳಬಹುದು. ‘ಇದು ಆಟಿಸಮ್ಮೇ?’ ಎಂಬುದಕ್ಕೆ ತಜ್ಞರು ಮಾತ್ರ ಉತ್ತರಿಸಬಲ್ಲರು. ಈ ಎರಡು ಪ್ರಶ್ನೆಗಳ ವ್ಯತ್ಯಾಸವನ್ನು ಭಕ್ತರು ಮನಗಾಣಬೇಕೆಂಬುದೇ ಈ ಲೇಖನದ ಉದ್ದೇಶ.

ಆಟಿಸಂ ಎಂದರೇನು?

ಕನ್ನಡದಲ್ಲಿ ಇದನ್ನು ‘ಸ್ವಲೀನತೆ’ ಎನ್ನುತ್ತಾರೆ. ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರಗಳೊಂದಿಗೆ ಇದನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದರು. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ಇಂಥದೇ ಲಕ್ಷಣಗಳುಳ್ಳ ಮಕ್ಕಳ ಬಗ್ಗೆ ಬರೆದರು. ಇದು ಅಂಟುವ ವ್ಯಾಧಿಯಲ್ಲ, ಹುಚ್ಚೂ ಅಲ್ಲ. ಮಿದುಳಿನ ಬೆಳವಣಿಗೆಯ ರೀತಿಯಲ್ಲೇ ಇರುವ ಒಂದು ಭಿನ್ನತೆ. ಒಬ್ಬ ಮಗು ಒಂದು ಮಾತನ್ನೂ ಆಡದಿರಬಹುದು, ಇನ್ನೊಬ್ಬ ಮಗು ರೈಲುಗಳ ವೇಳಾಪಟ್ಟಿಯನ್ನೆಲ್ಲ ಒಪ್ಪಿಸಬಹುದು. ಆದ್ದರಿಂದಲೇ ವೈದ್ಯರು ಇದನ್ನು ‘ಸ್ಪೆಕ್ಟ್ರಂ’, ಅಂದರೆ ವರ್ಣಪಟಲದಂತೆ ಹಲವು ಛಾಯೆಗಳುಳ್ಳದ್ದು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಇದು ಇತ್ತು. ಗಂಡುಮಕ್ಕಳಲ್ಲಿ ಹೆಚ್ಚು ಪತ್ತೆಯಾಗುತ್ತದೆ. ಹೆಣ್ಣುಮಕ್ಕಳಲ್ಲಿ ‘ನಾಚಿಕೆ ಸ್ವಭಾವ’ ಎಂದು ತಳ್ಳಿಹಾಕುವುದರಿಂದ ತಪ್ಪಿಹೋಗುವ ಸಂಭವವೂ ಉಂಟು.

ಮನೆಯವರು ಗಮನಿಸಬೇಕಾದ ಲಕ್ಷಣಗಳು

ಲಕ್ಷಣಗಳು ಎರಡು ಗುಂಪಿನವು. ಮೊದಲನೆಯದು, ಇತರರೊಡನೆ ಬೆರೆಯುವ ಮತ್ತು ಸಂವಹನ ನಡೆಸುವ ಕ್ರಮದಲ್ಲಿನ ಕೊರತೆ. ಎರಡನೆಯದು, ಒಂದೇ ಬಗೆಯ ಚಲನೆ, ಆಟ ಮತ್ತು ಆಸಕ್ತಿಗಳ ಪುನರಾವರ್ತನೆ. ನಿರ್ಣಯಕ್ಕೆ ಎರಡೂ ಗುಂಪಿನ ಲಕ್ಷಣಗಳು ಬೇಕು.

ವಯಸ್ಸಿಗನುಗುಣವಾಗಿ ಹೀಗೆ ನೆನಪಿಡಬಹುದು:

• 6 ತಿಂಗಳು ತುಂಬಿದರೂ ತಾಯಿಯ ನಗುವಿಗೆ ಪ್ರತಿಯಾಗಿ ನಗದಿರುವುದು.
• 12 ತಿಂಗಳಾದರೂ ಹೆಸರು ಹಿಡಿದು ಕರೆದರೆ ತಿರುಗದಿರುವುದು, ‘ಬಬಬ, ದದದ’ ಎಂದು ತೊದಲದಿರುವುದು, ಟಾಟಾ ಮಾಡುವುದು, ಕೈ ಮುಗಿಯುವುದು ಮುಂತಾದ ಸನ್ನೆಗಳು ಬಾರದಿರುವುದು.
• 16 ತಿಂಗಳಾದರೂ ಒಂದೂ ಅರ್ಥವುಳ್ಳ ಪದ ಆಡದಿರುವುದು.
• 18 ತಿಂಗಳಾದರೂ ಬೆರಳು ತೋರಿಸದಿರುವುದು, ಗೊಂಬೆಗೆ ಉಣಿಸುವಂಥ ಕಲ್ಪನೆಯ ಆಟ ಆಡದಿರುವುದು.
• 24 ತಿಂಗಳಾದರೂ ‘ಅಮ್ಮ ಬಾ’, ‘ನೀರು ಕೊಡು’ ಎಂಬಂತೆ ಎರಡು ಪದಗಳನ್ನು ತಾನಾಗಿ ಜೋಡಿಸದಿರುವುದು.
• ಯಾವ ವಯಸ್ಸಿನಲ್ಲಾದರೂ ಬಂದಿದ್ದ ಮಾತು, ನಗು, ಒಡನಾಟ ಹಿಂದೆ ಸರಿಯುವುದು. ಇಲ್ಲಿ ಒಂದು ವಾರವೂ ಕಾಯಬಾರದು.

ಇವುಗಳಲ್ಲಿ ಬೆರಳು ತೋರಿಸುವುದನ್ನು ತುಸು ವಿವರಿಸಬೇಕು. ಜಯನಗರ, ಬನಶಂಕರಿಯ ಮನೆಗಳ ತಾರಸಿಯ ಮೇಲಿಂದ ಮೆಟ್ರೋ ರೈಲು ಹೋಗುವುದು ಕಾಣುತ್ತದೆ. ಒಂದೂವರೆ ವರ್ಷದ ಮಗು ಸಾಮಾನ್ಯವಾಗಿ ರೈಲಿನತ್ತ ಬೆರಳು ಚಾಚಿ, ಕೂಡಲೇ ಎತ್ತಿಕೊಂಡಿರುವ ಅಜ್ಜಿಯ ಮುಖ ನೋಡುತ್ತದೆ. ‘ನೀನೂ ನೋಡಿದೆಯಾ?’ ಎಂಬುದು ಆ ನೋಟದ ಅರ್ಥ. ಅಲ್ಲಿ ಬೇಡಿಕೆ ಯಾವುದೂ ಇಲ್ಲ, ಸಂತೋಷವನ್ನು ಹಂಚಿಕೊಳ್ಳುವ ಹಂಬಲ ಮಾತ್ರ ಇದೆ. ಆಟಿಸಂ ಇರುವ ಮಗುವಿಗೂ ರೈಲು ಬಹಳ ಇಷ್ಟವಾಗಬಹುದು, ಆದರೆ ಅದು ಅಜ್ಜಿಯ ಮುಖದತ್ತ ತಿರುಗುವುದು ವಿರಳ. ಬಿಸ್ಕತ್ತು ಬೇಕೆನಿಸಿದರೆ ಬೆರಳು ತೋರಿಸದೆ, ದೊಡ್ಡವರ ಕೈಯನ್ನೇ ಹಿಡಿದೆಳೆದು ಡಬ್ಬಿಯ ಮೇಲೆ ಇಡುತ್ತದೆ. ಮಾತು ತಡವಾದರೂ ಸನ್ನೆ, ನೋಟ, ನಗುಗಳಿಂದ ಎಲ್ಲವನ್ನೂ ತಿಳಿಸುವ ಮಗುವಿಗೂ ಈ ಮಗುವಿಗೂ ಇರುವ ಮುಖ್ಯ ಭೇದವಿದು.

ಎರಡನೆಯ ಗುಂಪಿನ ಲಕ್ಷಣಗಳು ಬೇಗ ಕಣ್ಣಿಗೆ ಬೀಳುತ್ತವೆ. ಕೈಗಳನ್ನು ಪಟಪಟನೆ ಬಡಿಯುವುದು, ತುದಿಗಾಲಲ್ಲಿ ನಡೆಯುವುದು, ಆಟಿಕೆಯ ಕಾರನ್ನು ಓಡಿಸದೆ ಅದರ ಚಕ್ರವನ್ನಷ್ಟೇ ತಿರುಗಿಸುತ್ತ ಕೂರುವುದು, ವಸ್ತುಗಳನ್ನು ಸಾಲಾಗಿ ಜೋಡಿಸುವುದು, ದಿನವೂ ಹೋಗುವ ದಾರಿ ಬದಲಾದರೆ ಕಡುದುಃಖದಿಂದ ಅಳುವುದು, ಕೇಳಿದ ಮಾತನ್ನೇ ಮರಳಿ ಮರಳಿ ಹೇಳುವುದು. ಶಂಖ, ಜಾಗಟೆ, ಕುಕ್ಕರಿನ ಸೀಟಿ ಕೇಳಿದೊಡನೆ ಕಿವಿ ಮುಚ್ಚಿಕೊಳ್ಳುವ ಮಕ್ಕಳೂ, ಒಂದೆರಡು ಬಗೆಯ ಆಹಾರವನ್ನು ಬಿಟ್ಟು ಬೇರೇನನ್ನೂ ಮುಟ್ಟದ ಮಕ್ಕಳೂ ಉಂಟು. ಇವುಗಳಲ್ಲಿ ಒಂದೆರಡು ಲಕ್ಷಣಗಳು ಯಾವುದೇ ಮಗುವಿನಲ್ಲಿ ಕಾಣಬಹುದು. ತುದಿಗಾಲಲ್ಲಿ ನಡೆದ ಮಾತ್ರಕ್ಕೆ ಆಟಿಸಂ ಎಂದು ಮನೆಯಲ್ಲೇ ತೀರ್ಮಾನಿಸುವುದು ಸಲ್ಲದು.

ನಿರ್ಣಯ ಹೇಗೆ ನಡೆಯುತ್ತದೆ?

ಆಯುರ್ವೇದವು ರೋಗಿಯ ಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಮಾರ್ಗಗಳನ್ನು ಹೇಳುತ್ತದೆ. ಆಟಿಸಂ ನಿರ್ಣಯ ಇಂದಿಗೂ ಬಹುಪಾಲು ದರ್ಶನ ಮತ್ತು ಪ್ರಶ್ನಗಳಿಂದಲೇ ಆಗುತ್ತದೆ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಲ್ಲ. ಫಿಟ್ಸ್ ಅಥವಾ ಬೇರೆ ಕಾಯಿಲೆಯ ಸಂದೇಹವಿದ್ದಾಗ ಮಾತ್ರ ವೈದ್ಯರು ಅಂಥ ಪರೀಕ್ಷೆಗಳನ್ನು ಬರೆದುಕೊಡುತ್ತಾರೆ.

ಮೊದಲ ಹೆಜ್ಜೆ ಶ್ರವಣಪರೀಕ್ಷೆ. ಕಿವಿ ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲ, ಮಾತನ್ನೂ ಕಲಿಯುವುದಿಲ್ಲ. ಟಿ.ವಿ. ಜಾಹೀರಾತಿಗೆ ಓಡಿಬರುತ್ತದೆ ಎಂಬ ಕಾರಣದಿಂದ ಈ ಪರೀಕ್ಷೆಯನ್ನು ಬಿಡಬಾರದು.

ಎರಡನೆಯದು ಪ್ರಾಥಮಿಕ ತಪಾಸಣೆ. 16ರಿಂದ 30 ತಿಂಗಳ ಮಕ್ಕಳಿಗಾಗಿ ‘ಎಂ-ಚಾಟ್’ ಎಂಬ 20 ಪ್ರಶ್ನೆಗಳ ಪಟ್ಟಿ ಬಳಕೆಯಲ್ಲಿದೆ. ಹೌದು ಅಥವಾ ಇಲ್ಲ ಎಂದು ಪೋಷಕರು ಉತ್ತರಿಸಿದರೆ ಸಾಕು. ಇದು ಸಂದೇಹವನ್ನು ತೋರಿಸುತ್ತದೆಯೇ ಹೊರತು ನಿರ್ಣಯವನ್ನು ನೀಡುವುದಿಲ್ಲ.

ಮೂರನೆಯದು ತಜ್ಞರ ಪರೀಕ್ಷೆ. ಮಕ್ಕಳ ಮನೋವೈದ್ಯರು ಅಥವಾ ಬೆಳವಣಿಗೆಯ ವಿಷಯದಲ್ಲಿ ಪರಿಣತರಾದ ಮಕ್ಕಳ ತಜ್ಞರು, ಮನಶ್ಶಾಸ್ತ್ರಜ್ಞರು, ವಾಕ್-ಶ್ರವಣ ತಜ್ಞರು ಮಗುವಿನೊಡನೆ ಆಟವಾಡುತ್ತ ಗಮನಿಸುತ್ತಾರೆ. ಗರ್ಭದಿಂದ ಇಲ್ಲಿಯವರೆಗಿನ ಇತಿಹಾಸವನ್ನು ಕೇಳುತ್ತಾರೆ. ನಮ್ಮ ದೇಶದಲ್ಲಿ ‘ಇಸಾ’ ಎಂಬ 40 ಅಂಶಗಳ ಮಾಪಕ ಬಳಕೆಯಲ್ಲಿದ್ದು, ಒಟ್ಟು ಅಂಕ 70ಕ್ಕಿಂತ ಕಡಿಮೆ ಇದ್ದರೆ ಆಟಿಸಂ ಇಲ್ಲವೆಂದೂ ಅದಕ್ಕೆ ಮೇಲ್ಪಟ್ಟರೆ ಸೌಮ್ಯ, ಮಧ್ಯಮ, ತೀವ್ರ ಎಂದೂ ಗುರುತಿಸುತ್ತಾರೆ. ಅನುಭವಿ ತಜ್ಞರು ಎರಡು ವರ್ಷದ ವೇಳೆಗೆ ವಿಶ್ವಾಸಾರ್ಹವಾಗಿ ನಿರ್ಣಯಿಸಬಲ್ಲರು. ಹೊಸ ಜಾಗದಲ್ಲಿ ಮಗುವಿನ ನಡವಳಿಕೆ ಬದಲಾಗುವುದರಿಂದ, ಮನೆಯಲ್ಲಿ ಆಡುವಾಗ, ಕರೆದಾಗ, ಊಟ ಮಾಡುವಾಗ ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ವಿಡಿಯೋ ಒಯ್ದರೆ ಬಹಳ ಉಪಯೋಗವಾಗುತ್ತದೆ.

ದಕ್ಷಿಣ ಬೆಂಗಳೂರಿನ ಭಕ್ತರಿಗೆ ಇದಕ್ಕಾಗಿ ದೂರ ಹೋಗುವ ಅಗತ್ಯವಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಅದರ ಸಮೀಪದಲ್ಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಮೈಸೂರು ಭಾಗದವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ‘ನಿಮ್ಹಾನ್ಸ್’ ಎಂಬ ಹೆಸರು ಕೇಳಿ ಅಂಜುವವರು ಇನ್ನೂ ಇದ್ದಾರೆ. ಅಲ್ಲಿಗೆ ಹೋದ ಮಾತ್ರಕ್ಕೆ ಮಗುವಿಗೆ ಯಾವ ಕಳಂಕವೂ ಅಂಟುವುದಿಲ್ಲ. ಹೋಗದೆ ಕಳೆದ ದಿನಗಳು ಮಾತ್ರ ಮರಳಿ ಬರುವುದಿಲ್ಲ.

ತಪ್ಪು ಯಾರದು?

ನಿರ್ಣಯವಾದೊಡನೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಇದು. ಬೆರಳು ಸಾಮಾನ್ಯವಾಗಿ ತಾಯಿಯ ಕಡೆಗೇ ತಿರುಗುತ್ತದೆ. ಕೆಲಸಕ್ಕೆ ಹೋದಳು, ಮಗುವಿಗೆ ಮೊಬೈಲ್ ಕೊಟ್ಟಳು, ಗ್ರಹಣದಲ್ಲಿ ಹೊರಗೆ ಬಂದಳು ಎಂಬ ಮಾತುಗಳು ಕೇಳಿಬರುತ್ತವೆ. ಒಂದು ಕಾಲದಲ್ಲಿ ಪಾಶ್ಚಾತ್ಯ ವೈದ್ಯರೂ ‘ತಾಯಿಯ ಪ್ರೀತಿ ಸಾಲದು’ ಎಂದೇ ದೂರಿದ್ದರು. ಆ ವಾದ ಸಂಪೂರ್ಣ ತಪ್ಪೆಂದು ಸಿದ್ಧವಾಗಿದೆ. ಆಟಿಸಮ್ಮಿನಲ್ಲಿ ಅನುವಂಶೀಯ ಅಂಶಗಳ ಪಾತ್ರ ಹಿರಿದು. ಲಸಿಕೆಯಿಂದ ಬರುತ್ತದೆಂದು 1998ರಲ್ಲಿ ಪ್ರಕಟವಾದ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು. ಆದ್ದರಿಂದ ಲಸಿಕೆ ತಪ್ಪಿಸಬಾರದು. ಮನೆಯಲ್ಲಿ ಎರಡು ಮೂರು ಭಾಷೆಗಳಿರುವುದೂ ಕಾರಣವಲ್ಲ. ಅಜ್ಜಿ ಕನ್ನಡದಲ್ಲೇ ಮಾತನಾಡಲಿ.

ಮೊಬೈಲಿನ ಮಾತು ಬೇರೆ. ಅದು ಮಗುವಿನೊಡನೆ ಮನುಷ್ಯರು ಆಡಬೇಕಾದ ಹೊತ್ತನ್ನು ಕದಿಯುತ್ತದೆ. ಎರಡು ವರ್ಷದವರೆಗೆ ಪರದೆಯೇ ಬೇಡ, ನಂತರ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಆದರೆ ‘ಮೊಬೈಲ್ ಬಿಡಿಸಿ ಆರು ತಿಂಗಳು ನೋಡೋಣ’ ಎಂದು ಪರೀಕ್ಷೆಯನ್ನು ಮುಂದೂಡುವುದು ಸರಿಯಲ್ಲ. ಎರಡೂ ಒಟ್ಟಿಗೆ ನಡೆಯಲಿ.

ಆಯುರ್ವೇದದಲ್ಲಿ ಔಷಧಿ ಇದೆಯೇ?

ಆಯುರ್ವೇದ ವೈದ್ಯನಾಗಿ ಇದಕ್ಕೆ ನೇರವಾಗಿಯೇ ಉತ್ತರಿಸಬೇಕು. ಆಟಿಸಮ್ಮನ್ನು ಇಲ್ಲವಾಗಿಸುವ ಔಷಧಿ ಆಯುರ್ವೇದದಲ್ಲಿಯೂ ಇಲ್ಲ, ಅಲೋಪತಿಯಲ್ಲಿಯೂ ಇಲ್ಲ. ಪ್ರತಿ ಪುಷ್ಯ ನಕ್ಷತ್ರದಂದು ಸುವರ್ಣಪ್ರಾಶನಕ್ಕೆ ಮಕ್ಕಳನ್ನು ಕರೆತರುವ ತಾಯಂದಿರು ‘ಇದರಿಂದ ಮಾತು ಬರುತ್ತದೆಯೇ?’ ಎಂದು ಕೇಳುತ್ತಾರೆ. ಆ ಹನಿಯನ್ನು ನಂಬಿ ವಾಕ್ ತರಬೇತಿಯನ್ನು ನಿಲ್ಲಿಸಬಾರದು. ಮಲಬದ್ಧತೆ, ನಿದ್ರಾಭಂಗ, ಅಗ್ನಿಮಾಂದ್ಯ ಈ ಮಕ್ಕಳನ್ನು ಬಹಳ ಕಾಡುತ್ತವೆ. ಪಥ್ಯ, ದಿನಚರಿ, ಮಗು ಒಪ್ಪಿದರೆ ಮೃದುವಾದ ಅಭ್ಯಂಗ, ಇವುಗಳಿಂದ ಆ ತೊಂದರೆಗಳಿಗೆ ನೆರವಾಗಬಹುದು. ಹೊಟ್ಟೆ ಹಗುರಾಗಿ ಚೆನ್ನಾಗಿ ನಿದ್ರಿಸಿದ ಮಗು ಕಲಿಕೆಗೂ ಸಿದ್ಧವಾಗಿರುತ್ತದೆ. ಲೋಹ ಸೇರಿದ ಭಸ್ಮಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ಕೊಡಬಾರದು. ಫಿಟ್ಸ್ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಲಕ್ಷಾಂತರ ರೂಪಾಯಿ ಕೇಳುವ ಸ್ಟೆಮ್‌ಸೆಲ್ ಚಿಕಿತ್ಸೆಯ ಜಾಹೀರಾತುಗಳಿಗೆ ಮರುಳಾಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ಆಟಿಸಮ್ಮಿಗೆ ಅದನ್ನು ಅಂಗೀಕೃತ ಚಿಕಿತ್ಸೆಯೆಂದು ಒಪ್ಪಿಲ್ಲ.

ನಿರ್ಣಯದ ನಂತರ

ಪ್ರಯೋಜನ ಕೊಡುವುದು ತರಬೇತಿ. ವಾಕ್ ಚಿಕಿತ್ಸೆ, ಆಕ್ಯುಪೇಷನಲ್ ಥೆರಪಿ, ನಡವಳಿಕೆಯ ತರಬೇತಿ, ಇವೆಲ್ಲಕ್ಕಿಂತ ಮಿಗಿಲಾಗಿ ತಂದೆತಾಯಿಗಳಿಗೆ ನೀಡುವ ತರಬೇತಿ. ವಾಕ್ ತಜ್ಞೆ ಪ್ರತಿಭಾ ಕಾರಂತರು ಬೆಂಗಳೂರಿನಲ್ಲೇ ರೂಪಿಸಿದ ‘ಕಾಂ ಡೀಲ್’ ಕಾರ್ಯಕ್ರಮದಲ್ಲಿ ಎಳೆಯ ಮಕ್ಕಳ ತರಬೇತಿಯ ಜೊತೆಗೆ ತಾಯಂದಿರ ಪಾಲ್ಗೊಳ್ಳುವಿಕೆಗೂ ಮಹತ್ವವಿದೆ. ವಾರದ ಮೂರು ಗಂಟೆ ಚಿಕಿತ್ಸಕರದಾದರೆ, ಉಳಿದ ಹೊತ್ತೆಲ್ಲ ಮನೆಯವರದು. ಸ್ನಾನ, ಊಟ, ಬಟ್ಟೆ ಮಡಿಸುವುದು, ಎಲ್ಲವೂ ಪಾಠವೇ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಪ್ರಮಾಣಪತ್ರ ಪಡೆದು ಯು.ಡಿ.ಐ.ಡಿ. ಕಾರ್ಡ್ ಮಾಡಿಸಿದರೆ ಸರ್ಕಾರಿ ಸೌಲಭ್ಯಗಳಿಗೆ ದಾರಿಯಾಗುತ್ತದೆ. ವೈಕಲ್ಯದ ಪ್ರಮಾಣ ಶೇ. 40 ಅಥವಾ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ.

ಭಕ್ತರ ಪಾಲು

ಆಟಿಸಂ ಇರುವ ಮಗುವಿನ ಮನೆಯವರು ಮೊದಲು ಬಿಡುವುದು ಮದುವೆ, ಜಾತ್ರೆ, ಮಠದ ಕಾರ್ಯಕ್ರಮಗಳನ್ನು. ಮಗು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆಂಬ ಸಂಕೋಚ ಅದಕ್ಕೆ ಕಾರಣ. ಲಿಂಗಧಾರಣೆಗೆ ಹಸುಗೂಸೆಂದೂ ದೊಡ್ಡವರೆಂದೂ ಭೇದವೆಣಿಸದ ಪರಂಪರೆ ನಮ್ಮದು. ಮಾತು ಬಾರದ ಮಗುವಿಗೂ ಅಲ್ಲಿ ಸಮಪಾಲಿದೆ. ದಾಸೋಹದ ಪಂಕ್ತಿಯಲ್ಲಿ ಅಂಥ ಮಗು ಕಿವಿ ಮುಚ್ಚಿಕೊಂಡರೆ ‘ಹಟಮಾರಿ’ ಎನ್ನದೆ, ತುಸು ನಿಶ್ಶಬ್ದವಾದ ಮೂಲೆಯಲ್ಲಿ ಎಲೆ ಹಾಕಿಕೊಡೋಣ. ನೆರೆಮನೆಯ ಮಗುವಿನಲ್ಲಿ ಮೇಲಿನ ಲಕ್ಷಣಗಳು ಕಂಡರೆ ಊಹಾಪೋಹಕ್ಕೆ ಎಡೆಗೊಡದೆ, ಆ ತಾಯಿಗೆ ‘ಒಮ್ಮೆ ತೋರಿಸೋಣ, ನಾನೂ ಜೊತೆಗೆ ಬರುತ್ತೇನೆ’ ಎಂದು ಮೆಲ್ಲನೆ ಹೇಳೋಣ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದರೆ ನೆಮ್ಮದಿ. ಇದೆಯೆಂದರೆ ತರಬೇತಿ ಅಂದಿನಿಂದಲೇ ಆರಂಭವಾಗುತ್ತದೆ.