ಮರಗೆಣಸಿನ ಪ್ಲಾಸ್ಟಿಕ್ ಮತ್ತು ಅಂಗಡಿಯ ತೊಟ್ಟೆ

ಪ್ರಶ್ನೆ: ನಮ್ಮ ಹೈಸ್ಕೂಲಿನ ಮಕ್ಕಳು ಮರಗೆಣಸಿನಿಂದ ಪ್ಲಾಸ್ಟಿಕ್ ತಯಾರಿಸಿ ವಿಜ್ಞಾನ ಮೇಳಕ್ಕೆ ಒಯ್ಯಬೇಕೆಂದಿದ್ದಾರೆ. ಅದು ನಿಜವಾಗಿ ಪ್ಲಾಸ್ಟಿಕ್ಕೇ? ಅಂಗಡಿಯ ‘ಮಣ್ಣಾಗುವ’ ತೊಟ್ಟೆಯೂ ಇದೇ ಜಾತಿಯದೇ?
– ಓರ್ವ ಅಧ್ಯಾಪಕಿ, ಕಾಸರಗೋಡು

ಉತ್ತರ: ಪ್ಲಾಸ್ಟಿಕ್ಕೇ ಹೌದು, ಆದರೆ ಮಳೆಗೆ ಹೆದರುವ ಪ್ಲಾಸ್ಟಿಕ್.

ಗೆಣಸನ್ನು ತುರಿದು, ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ ಇಟ್ಟರೆ ತಳದಲ್ಲಿ ಬಿಳಿ ಗಸಿ ನಿಲ್ಲುತ್ತದೆ. ಅದೇ ಪಿಷ್ಟ. ಒಣಗಿಸಿದ ಪಿಷ್ಟ ಒಂದು ದೊಡ್ಡ ಚಮಚ, ನೀರು ನಾಲ್ಕು, ವಿನೆಗರ್ ಮತ್ತು ಮೆಡಿಕಲ್ ಶಾಪಿನ ಗ್ಲಿಸರಿನ್ ಒಂದೊಂದು ಸಣ್ಣ ಚಮಚ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಪಾರದರ್ಶಕ ಅಂಟಾದಾಗ ಗಾಜಿನ ಮೇಲೆ ಹರಡಿ ಒಣಗಿಸಿ. ಮಳೆಗಾಲದಲ್ಲಿ ಬೇಡ, ಒಣಗುವ ಮೊದಲೇ ಬೂಸ್ಟು ಹಿಡಿದೀತು.

ಪಿಷ್ಟದಲ್ಲಿ ನೇರ ಸರಪಳಿಯ ಅಮೈಲೋಸ್, ಕವಲೊಡೆದ ಅಮೈಲೋಪೆಕ್ಟಿನ್ ಎರಡೂ ಇವೆ. ಕವಲುಗಳು ಹೆಚ್ಚಿದ್ದರೆ ಹಾಳೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ವಿನೆಗರಿನ ಆಮ್ಲ ಕೆಲವನ್ನು ತುಂಡರಿಸುತ್ತದೆ. ಗ್ಲಿಸರಿನ್ ಸರಪಳಿಗಳ ನಡುವೆ ನುಸುಳಿ ಅವು ಜಾರುವಂತೆ ಮಾಡುತ್ತದೆ. ಇದನ್ನು ಬೋರ್ಡಿನಲ್ಲಿ ಬರೆಯುವ ಬದಲು ಗ್ಲಿಸರಿನ್ ಇಲ್ಲದ ಇನ್ನೊಂದು ಹಾಳೆ ಮಾಡಿಸಿ. ಬಗ್ಗಿಸಿದೊಡನೆ ಅದು ಹಪ್ಪಳದಂತೆ ಮುರಿಯುತ್ತದೆ.

ಅಂಗಡಿಯ ತೊಟ್ಟೆಯ ಕಥೆ ಬೇರೆ. ಕೇರಳದಲ್ಲಿ 2020ರ ಜನವರಿ 1ರಂದು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧ ಬಂತು. ಆಮೇಲೆ ‘ಮಣ್ಣಾಗುವ’ ಎಂಬಂಥ ಹೆಸರುಗಳಿಗೆ ಬೆಲೆ ಹೆಚ್ಚು. ಮಣ್ಣಾಗುವ ಪ್ಲಾಸ್ಟಿಕ್‌ಗಳಲ್ಲಿ ಮುಖ್ಯವಾದ ಪಿಎಲ್‌ಎ ಚೆನ್ನಾಗಿ ಕೊಳೆಯಲು ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯ ಕಾಂಪೋಸ್ಟ್ ಘಟಕ ಬೇಕು. ನಮ್ಮ ತೋಟದ ಮಣ್ಣು ಅಷ್ಟು ಕಾಯುವುದಿಲ್ಲ. ತೊಟ್ಟೆಯ ಮೇಲೆ ಅಯೋಡಿನ್ ಹನಿಸಿದಾಗ ಕಡುನೀಲಿಯಾದರೆ ಪಿಷ್ಟ ಇದೆಯೆಂದು ಅರ್ಥ. ಪಿಷ್ಟ ಮಾತ್ರ ಇದೆಯೆಂದಲ್ಲ! ಪಾಲಿಥೀನಿಗೆ ಪಿಷ್ಟ ಬೆರೆಸಿದ್ದರೆ ಸೂಕ್ಷ್ಮಜೀವಿಗಳು ಪಿಷ್ಟವನ್ನು ತಿಂದು ಪಾಲಿಥೀನನ್ನು ಚೂರುಗಳಾಗಿ ಉಳಿಸುತ್ತವೆ.

ಆದ್ದರಿಂದ ಮೇಳಕ್ಕೆ ಹೊಳೆಯುವ ಹಾಳೆಯೊಂದನ್ನೇ ಒಯ್ದರೆ ಅರ್ಧ ಕೆಲಸ. ಮಕ್ಕಳ ಹಾಳೆ, ಅಡಿಕೆ ಹಾಳೆತಟ್ಟೆ, ಹಾಲಿನ ತೊಟ್ಟೆ, ‘ಮಣ್ಣಾಗುವ’ ತೊಟ್ಟೆ – ನಾಲ್ಕರಿಂದಲೂ ಒಂದೇ ಅಳತೆಯ ತುಂಡು ಕತ್ತರಿಸಿ, ತೂಗಿ, ಬಲೆಯ ಚೀಲಗಳಲ್ಲಿಟ್ಟು ಶಾಲೆಯ ತೋಟದಲ್ಲಿ ಹೂಳಿಸಿ. ವಾರಕ್ಕೊಮ್ಮೆ ತೆಗೆದು, ಮಣ್ಣು ಒರಸಿ, ಒಣಗಿಸಿ ತೂಗಲಿ. ಪಿಷ್ಟದ ಹಾಳೆ ಮೊದಲು ಮಾಯವಾಗುತ್ತದೆ. ಹಾಲಿನ ತೊಟ್ಟೆ ಇಡೀ ವರ್ಷ ಹಾಗೇ ಇರುತ್ತದೆ. ಎರಡರಲ್ಲಿ ಒಂದಕ್ಕೆ ಮಾತ್ರ ಪುರುಸೊತ್ತು ಇದ್ದರೆ ತಯಾರಿ ಬಿಡಿ, ಹೂಳುವುದನ್ನೇ ಮಾಡಿಸಿ.