ಸರ್ವರನ್ನು ನಿಲ್ಲಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್: ಪತ್ತೆ ಹೇಗೆ?

ಫಾರ್ಮ್‌ನಲ್ಲಿ ಫೋನ್ ನಂಬರ್ ತಪ್ಪಿದರೆ ವೆಬ್‌ಸೈಟ್ ಕೂಡಲೇ ಹೇಳುತ್ತದಲ್ಲವೇ? ಹಲವು ಸಲ ಅದರ ಹಿಂದಿರುವುದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಅಕ್ಷರಗಳು ಹೇಗಿರಬೇಕೆಂದು ತಿಳಿಸುವ ನಮೂನೆ. ನಮೂನೆ ಕೆಟ್ಟದಾಗಿದ್ದರೆ, ಯಾರೋ ಬೇಕೆಂದೇ ಕಳಿಸಿದ ಒಂದೇ ಸಾಲಿಗೆ ಸರ್ವರ್ ನಿಂತುಹೋಗಬಹುದು.

^(ಅ+)+$ ನೋಡಿ. ^ ಆರಂಭ, $ ಕೊನೆ, + ಅಂದರೆ ಒಂದು ಅಥವಾ ಹೆಚ್ಚು ಸಲ. ‘ಅಅಅಬ’ ಕೊಟ್ಟರೆ ‘ಬ’ ಹೊಂದುವುದಿಲ್ಲ. ಆದರೂ ಕಂಪ್ಯೂಟರ್ ಬಿಡದೆ ಮೂರು ‘ಅ’ಗಳನ್ನು 3, 2+1, 1+2, 1+1+1 ಎಂದು ನಾಲ್ಕು ರೀತಿ ಒಡೆದು ನೋಡುತ್ತದೆ. ಒಂದು ‘ಅ’ ಹೆಚ್ಚಿದರೆ ರೀತಿಗಳು ಎರಡು ಪಟ್ಟು. 30 ‘ಅ’ಗಳಿಗೆ 53 ಕೋಟಿಗೂ ಹೆಚ್ಚು! ನಮ್ಮ ಚಕ್ರಬಡ್ಡಿಯೇ, ದರ ಮಾತ್ರ ನೂರಕ್ಕೆ ನೂರು.

ನಾನು ಮೊದಲು ನೋಡುವುದು ಆವರಣದ ಒಳಗೂ ಹೊರಗೂ + ಅಥವಾ * ಇದೆಯೇ ಎಂದು. ಆಮೇಲೆ, ಒಂದೇ ಅಕ್ಷರವನ್ನು ಹಿಡಿಯಬಲ್ಲ ಎರಡು .* ಅಕ್ಕಪಕ್ಕ ಇವೆಯೇ ಎಂದು. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್‌ನ ಹೊಸ ಭದ್ರತಾ ನಿಯಮದಲ್ಲಿ ಇಂಥದ್ದೇ ಇತ್ತು; 27 ನಿಮಿಷ ಅಸಂಖ್ಯ ವೆಬ್‌ಸೈಟ್‌ಗಳು ತೆರೆಯಲಿಲ್ಲ.

ಕಣ್ಣಳತೆ ಸಾಲದು. ಪೈಥಾನ್‌ನಲ್ಲಿ 20, 21, 22 ‘ಅ’ ಕೊಟ್ಟು ಸಮಯ ಅಳೆಯಿರಿ. ಕೊನೆಗೆ ‘ಬ’ ಇರಲೇಬೇಕು, ಇಲ್ಲವಾದರೆ ನಮೂನೆ ತಕ್ಷಣ ಹೊಂದಿಬಿಡುತ್ತದೆ. ಪ್ರತಿ ಸಲ ಸಮಯ ಇಮ್ಮಡಿಯಾದರೆ ನಮೂನೆ ಅಪಾಯದ್ದು. ಉದ್ದ ಇಮ್ಮಡಿಯಾದಾಗ ಸಮಯ ನಾಲ್ಕು ಪಟ್ಟಾದರೂ ಬಿಡಬೇಡಿ: 2016ರಲ್ಲಿ ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ನಿಂತದ್ದು ಸುಮಾರು 20,000 ಖಾಲಿ ಜಾಗಗಳಿಂದ, ಸುಮಾರು 20 ಕೋಟಿ ಪರೀಕ್ಷೆ!

ಮೇಲಿನ ನಮೂನೆಗೆ ಪರಿಹಾರ ಸುಲಭ. ^ಅ+$ ಎಂದು ಬರೆದರೆ ಅರ್ಥ ಅದೇ, ಒಡೆಯುವ ರೀತಿ ಒಂದೇ.