‘ಸತ್ತಿತು’, ‘ಸತ್ತಿತೇ?’, ‘ಸತ್ತಿತಂತೆ’: ತಂತ್ರಜ್ಞಾನ ಸುದ್ದಿಯ ಭಾಷೆ

ಕೇಳಿದ್ದನ್ನು ಕಂಡದ್ದರಿಂದ ಬೇರ್ಪಡಿಸಿ ಹೇಳುವ ಸೌಕರ್ಯ ಕನ್ನಡದ ಕ್ರಿಯಾಪದಕ್ಕಿದೆ. ‘ಸತ್ತಿತು’ ಎಂಬುದಕ್ಕೆ ‘ಅಂತೆ’ ಸೇರಿ, ಲೋಪಸಂಧಿಯಾಗಿ ‘ಸತ್ತಿತಂತೆ’ ಎಂದಾದೊಡನೆ, ಮಾತಿನ ಹೊಣೆ ಹೇಳುವವನಿಂದ ಸುದ್ದಿಯ ಮೂಲಕ್ಕೆ ಸರಿಯುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಆಡುಮಾತಿನಲ್ಲಿ ಇದು ‘ಅಂತ’. ನೆರೆಯ ಮರಾಠಿಯಲ್ಲಿ ಈ ಕೆಲಸವನ್ನು ‘ಮ್ಹಣೇ’ ಮಾಡುತ್ತದೆ. ಪತ್ರಿಕೆಯ ತಲೆಬರಹ ಮೊದಲು ಕತ್ತರಿಸುವುದು ಈ ‘ಅಂತೆ’ಯನ್ನೇ. ಅಷ್ಟು ಧೈರ್ಯ ಸಾಲದಿದ್ದರೆ ‘ಸತ್ತಿತೇ?’ ಎಂದು ಪ್ರಶ್ನೆಯ ಮರೆಯಲ್ಲಿ ನಿಲ್ಲುತ್ತದೆ.

ತಂತ್ರಜ್ಞಾನದ ಸುದ್ದಿಯಲ್ಲಿ ಈ ಚಾಳಿ ಹೆಚ್ಚು. ಅಮೆರಿಕದ ‘ವೈರ್ಡ್’ ಮಾಸಿಕ 2010ರಲ್ಲಿ ವೆಬ್ ಸತ್ತಿದೆಯೆಂದು ಮುಖಪುಟದಲ್ಲೇ ಸಾರಿತು. ಆಧಾರವಾಗಿ ಕೊಟ್ಟದ್ದು ಒಂದು ಗ್ರಾಫ್: ಅಮೆರಿಕದ ಅಂತರ್ಜಾಲ ದಟ್ಟಣೆಯಲ್ಲಿ ವೆಬ್ಬಿನ ಪಾಲು ಶೇ. 23ಕ್ಕೆ ಇಳಿದಿದೆ, ವೀಡಿಯೊದ ಪಾಲು ಶೇ. 51ಕ್ಕೆ ಏರಿದೆ. ಅಂಕಿಗಳನ್ನು ಒಪ್ಪಿದರೂ ಪಾಲು ಬೇರೆ, ಮೊತ್ತ ಬೇರೆ. ಒಟ್ಟು ದಟ್ಟಣೆ ಅಗಾಧವಾಗಿ ಹಿಗ್ಗುತ್ತಿದ್ದ ಆ ಕಾಲದಲ್ಲಿ ವೆಬ್ ಕೂಡ ಬೆಳೆಯುತ್ತಲೇ ಇತ್ತು. ಹತ್ತು ಚೀಲ ಜೋಳದಲ್ಲಿ ಐದನ್ನು ಪಡೆದವನು ಮುಂದೆ ನೂರರಲ್ಲಿ ಇಪ್ಪತ್ತಮೂರನ್ನು ಪಡೆದರೆ, ಅವನು ಬಡವನಾದನೆಂದು ಯಾರು ಹೇಳಿಯಾರು? ಮೇಲಾಗಿ ವೀಡಿಯೊ ಗಾತ್ರದಲ್ಲಿ ಭಾರಿ. ಒಂದು ಚಲನಚಿತ್ರದ ಭಾರಕ್ಕೆ ಸಾವಿರ ಪುಟಗಳ ಬರಹವೂ ಸಮವಾಗದು. ಆ ವೀಡಿಯೊಗಳಲ್ಲಿ ಬಹಳಷ್ಟನ್ನು ಜನ ನೋಡುತ್ತಿದ್ದುದೂ ವೆಬ್ ಪುಟಗಳಲ್ಲೇ!

ಇಂತಹ ವದಂತಿ ನಿರಪಾಯದ ಹರಟೆಯಲ್ಲ. ತಂತ್ರಾಂಶ ವೇದಿಕೆಯೊಂದು ನಿಂತಿರುವುದು ಅದಕ್ಕಾಗಿ ಇತರರು ಬರೆಯುವ ತಂತ್ರಾಂಶಗಳ ಬಲದಿಂದ. ಮುಳುಗುತ್ತದೆಂಬ ಮಾತು ಹಬ್ಬಿದರೆ ಬರೆಯುವವರು ಬಿಟ್ಟು ಹೋಗುತ್ತಾರೆ. ಅವರು ಬಿಟ್ಟದ್ದರಿಂದಲೇ ಅದು ಮುಳುಗಬಹುದು. 1997ರಲ್ಲಿ ಆಪಲ್ ಕಂಪನಿ ನಿಜಕ್ಕೂ ನಷ್ಟದಲ್ಲಿತ್ತು. ಅದೇ ‘ವೈರ್ಡ್’ ತನ್ನ ಜೂನ್ ಸಂಚಿಕೆಯ ಮುಖಪುಟದಲ್ಲಿ ಆಪಲ್ ಲಾಂಛನಕ್ಕೆ ಮುಳ್ಳಿನ ಕಿರೀಟ ತೊಡಿಸಿತು. ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ 15 ಕೋಟಿ ಡಾಲರ್ ಹೂಡಿತು. ಜೊತೆಗೆ ಮ್ಯಾಕಿಂತೋಶ್‌ಗೆ ಐದು ವರ್ಷ ‘ಆಫೀಸ್’ ಒದಗಿಸುವ ಮಾತು ಕೊಟ್ಟಿತು. ಹಣಕ್ಕಿಂತ ಈ ಮಾತೇ ದೊಡ್ಡದೆನ್ನಬೇಕು. ಕೊಳ್ಳುವವರಿಗೂ ತಂತ್ರಾಂಶ ಬರೆಯುವವರಿಗೂ ಬೇಕಾಗಿದ್ದುದು ನಾಳೆಯ ಭರವಸೆ. ನಷ್ಟವನ್ನು ವರದಿ ಮಾಡುವುದು ಪತ್ರಿಕೆಯ ಧರ್ಮವೇ. ಉಸಿರಾಡುತ್ತಿರುವವನಿಗೆ ಚಟ್ಟ ಕಟ್ಟುವುದು ಬೇರೆ ಮಾತು.

ಅಭ್ಯಾಸ: ಒಂದು ವಾರದ ತಂತ್ರಜ್ಞಾನ ಸುದ್ದಿಗಳಲ್ಲಿ ‘ಅಂತ್ಯ’, ‘ಕೊನೆಯುಸಿರು’, ‘ಇತಿಶ್ರೀ’ ಎಂಬ ಪದಗಳಿರುವ ತಲೆಬರಹಗಳನ್ನು ಆರಿಸಿ. ಪ್ರತಿಯೊಂದರ ಒಳಗಿನ ಸುದ್ದಿಯನ್ನು ಪೂರ್ತಿ ಓದಿ, ಹೇಳಿದವರು ಯಾರೆಂದು ಗುರುತಿಸಿ, ‘ಅಂತೆ’ ಬೇಕಾದಲ್ಲಿ ಅದನ್ನು ಮರಳಿ ಸೇರಿಸಿ ಬರೆಯಿರಿ.